ದೊಣೆನಾಯಕನ ರಸೀದಿ

ಲೇಕ್ ಟಾಹೋದಲ್ಲಿ ದೋಣಿ ಕಟ್ಟಿಹಾಕಲು ಒಂದು ಬೋಯ್ ಇಟ್ಟುಕೊಳ್ಳಬೇಕೆಂದರೆ ಕ್ಯಾಲಿಫೋರ್ನಿಯಾ ಸರ್ಕಾರಕ್ಕೆ ವರ್ಷಕ್ಕೆ 377 ಡಾಲರ್ ಬಾಡಿಗೆ ಕಟ್ಟಬೇಕಿತ್ತು. ಕಳೆದ ದಶಕದ ಗುತ್ತಿಗೆ ಕಾಗದಗಳಲ್ಲಿರುವ ದರ ಇದು. ಎರಡು ಇಟ್ಟುಕೊಂಡರೆ 754. ಜೋಡಿ ತೆಗೆದುಕೊಂಡವರಿಗೆ ರಿಯಾಯಿತಿ ಕೊಡುವಷ್ಟು ಸಡಿಲ ಸರ್ಕಾರವಲ್ಲ ಅದು. ದಿನಕ್ಕೆ ಭಾಗಿಸಿದರೆ ಒಂದು ಡಾಲರ್, ಮೇಲೆ ಮೂರು ಸೆಂಟ್ ಬೀಳುತ್ತದೆ. ಅಷ್ಟು ದುಡ್ಡಿಗೆ ಆ ನಾಡಿನಲ್ಲಿ ಒಂದು ಲೋಟ ಒಳ್ಳೆಯ ಕಾಫಿ ಹುಟ್ಟುವುದಿಲ್ಲ. ಆದರೆ ಅಮೆರಿಕದ ಅತಿ ದುಬಾರಿ ದಡಗಳಲ್ಲೊಂದರ ಮುಂದೆ, ನೀರಿನ ತಳಕ್ಕೆ ಕಾಂಕ್ರೀಟ್ ದಿಮ್ಮಿ ಇಳಿಸಿ, ಸರಪಳಿ ಬಿಗಿದು, ‘ಇದು ನಮ್ಮ ಜಾಗ’ ಎಂದು ಸಾರುವ ಬಿಳಿ ಚೆಂಡೊಂದನ್ನು ತೇಲಿಬಿಡುವ ಹಕ್ಕು ಹುಟ್ಟುತ್ತದೆ.

ಈ ದರವನ್ನು ಯಾರೋ ಗಾಳಿಯಲ್ಲಿ ಗುಂಡು ಹೊಡೆದು ಗೊತ್ತು ಮಾಡಿದ್ದಲ್ಲ. ಸುತ್ತಮುತ್ತಲ ಖಾಸಗಿ ಮರಿನಾಗಳು ದೋಣಿ ನಿಲ್ಲಿಸಲು ಗಿರಾಕಿಗಳಿಂದ ಎಷ್ಟು ವಸೂಲಿ ಮಾಡುತ್ತವೆ ಎಂದು ಅಧಿಕಾರಿಗಳು ಸಮೀಕ್ಷೆ ಮಾಡುತ್ತಾರೆ. ಆ ಮೊತ್ತದಲ್ಲಿ ನೂರಕ್ಕೆ 5 ಪಾಲು ಸರ್ಕಾರದ್ದು ಎಂದು ಲೆಕ್ಕ ಹಾಕುತ್ತಾರೆ. ಮರಿನಾ ನಡೆಸುವವನಿಗಾದರೆ ಕಾವಲುಗಾರನ ಸಂಬಳ, ಕರೆಂಟ್ ಬಿಲ್ಲು, ರಿಪೇರಿ ಎಲ್ಲ ಕಳೆಯಬೇಕು. ಬಂಗಲೆಯ ಮುಂದೆ ಚೆಂಡು ತೇಲಿಬಿಟ್ಟವನಿಗೆ ಆ ಖರ್ಚು ಯಾವುದೂ ಇಲ್ಲವಲ್ಲ ಎಂದು ನೀವು ಕೇಳಿದರೆ, ನಿಮಗೆ ಸರ್ಕಾರಿ ಲೆಕ್ಕಶಾಸ್ತ್ರ ಗೊತ್ತಿಲ್ಲ ಎಂದೇ ಅರ್ಥ. ನಮ್ಮ ಕಡೆಯ ಗೇಣಿಯಲ್ಲಿ ಬೆಳೆದ ಬತ್ತದ ಅರ್ಧಕ್ಕೇ ಒಡೆಯ ಬಾಯಿ ಹಾಕುತ್ತಿದ್ದ. ಟಾಹೋದ ಒಡೆಯ ಇಪ್ಪತ್ತರಲ್ಲಿ ಒಂದು ಪಾಲು ಪಡೆದು, ರಸೀದಿ ಬರೆದುಕೊಟ್ಟು, ಉಪಕಾರವಾಯಿತು ಸ್ವಾಮಿ ಎನ್ನುತ್ತಾನೆ. ಎಂಥ ಸಾತ್ವಿಕ ಧಣಿ!

ಆ ಧಣಿ ಬೇರೆ ಯಾರೂ ಅಲ್ಲ, ಸಾಕ್ಷಾತ್ ಜನತಾ ಜನಾರ್ದನ. 22 ಮೈಲಿ ಉದ್ದ, 12 ಮೈಲಿ ಅಗಲ, 1,645 ಅಡಿ ಆಳದ ಈ ಸರೋವರದ ಮೂರರಲ್ಲಿ ಎರಡು ಭಾಗ ಕ್ಯಾಲಿಫೋರ್ನಿಯಾಕ್ಕೆ, ಉಳಿದದ್ದು ನೆವಾಡಾಕ್ಕೆ ಸೇರಿದೆ. ಕ್ಯಾಲಿಫೋರ್ನಿಯಾದ ಮಗ್ಗುಲಲ್ಲಿ, ಸಮುದ್ರಮಟ್ಟದಿಂದ 6,223 ಅಡಿ ಎತ್ತರದ ಗೆರೆಯ ಕೆಳಗಿರುವ ತಳವೆಲ್ಲ ರಾಜ್ಯದ ಸ್ವತ್ತು, ಅಂದರೆ ಜನರ ಸ್ವತ್ತು. ಆ ಗೆರೆಯಿಂದ 6,228.75 ಅಡಿಯ ಗೆರೆಯವರೆಗೆ ನೆಲ ದಡದ ಮನೆಯವರದು, ಆದರೆ ಅದರ ಮೇಲೆ ಓಡಾಡುವ, ಮೀನು ಹಿಡಿಯುವ, ಈಜಿಗಿಳಿಯುವ ಹಕ್ಕು ಸಾರ್ವಜನಿಕರದು. ಆ ರಾಜ್ಯದ ಸುಪ್ರೀಂ ಕೋರ್ಟು 1981ರಲ್ಲಿ ಹೀಗೆಂದು ಹೇಳಿತು: ನೂರಕ್ಕೂ ಹೆಚ್ಚು ವರ್ಷ ಸರ್ಕಾರವೇ ಈ ಪಟ್ಟಿಯನ್ನು ಖಾಸಗಿ ಎಂದು ಬಗೆದಿದ್ದರೂ ಜನರ ಹಕ್ಕು ಸತ್ತಿಲ್ಲ. ಹೀಗೆ ಜನರಿಗೆ ಐದೂಮುಕ್ಕಾಲು ಅಡಿಯ ಸಾಮ್ರಾಜ್ಯ ದಕ್ಕಿತು. ಅಗಲದಲ್ಲಿ ಅಲ್ಲ, ಎತ್ತರದಲ್ಲಿ ಐದೂಮುಕ್ಕಾಲು. ದಡ ಇಳಿಜಾರಾಗಿದ್ದರೆ ನಿಮ್ಮ ಪಾಲಿಗೆ ನಾಲ್ಕು ಹೆಜ್ಜೆ ಮರಳು. ಕಡಿದಾದ ಬಂಡೆಯಾಗಿದ್ದರೆ ನಿಮ್ಮ ಸಾಮ್ರಾಜ್ಯದಲ್ಲಿ ಒಂದು ಪಾದ ಊರಲು ಜಾಗ. ಇನ್ನೊಂದನ್ನು ಎಲ್ಲಿಡುವುದೆಂದು ಬಲಿ ಚಕ್ರವರ್ತಿಯನ್ನು ಕೇಳಿ.

ಈ ಆಸ್ತಿಯ ಪಾರುಪತ್ಯಗಾರರು ಸ್ಟೇಟ್ ಲ್ಯಾಂಡ್ಸ್ ಕಮಿಷನ್. 1938ರಲ್ಲಿ ಹುಟ್ಟಿದ ಸಂಸ್ಥೆ. ಮೂವರೇ ಸದಸ್ಯರು: ಲೆಫ್ಟಿನೆಂಟ್ ಗವರ್ನರ್, ಸ್ಟೇಟ್ ಕಂಟ್ರೋಲರ್, ಹಣಕಾಸು ಇಲಾಖೆಯ ನಿರ್ದೇಶಕ. ಖಾಸಗಿ ಪಿಯರ್ (ನೀರಿನ ಮೇಲೆ ಚಾಚಿದ ದೋಣಿಕಟ್ಟೆ), ಬೋಟ್ ಲಿಫ್ಟ್, ಬೋಯ್‌ಗಳ ಗುತ್ತಿಗೆ ಅರ್ಜಿಗಳು ಸಾಮಾನ್ಯವಾಗಿ ‘ಕನ್ಸೆಂಟ್ ಕ್ಯಾಲೆಂಡರ್’ ಎಂಬ ಪಟ್ಟಿಯಲ್ಲಿ ಬರುತ್ತವೆ. ಇದು ಒಟ್ಟಿಗೆ ಮಂಡಿಸಿ, ಒಟ್ಟಿಗೆ ಒಪ್ಪಿ, ಒಟ್ಟಿಗೆ ಮುಗಿಸುವ ಪಟ್ಟಿ. ನಮ್ಮ ಪಾಲಿಕೆಗಳಲ್ಲಿ ಗದ್ದಲದ ನಡುವೆ ವಿಷಯಗಳು ಪಾಸಾಗುತ್ತವೆ, ಅಲ್ಲಿ ಗದ್ದಲವೇ ಇಲ್ಲದೆ ಪಾಸಾಗುತ್ತವೆ. ನಾಗರಿಕತೆಯ ಮಟ್ಟ ಅಷ್ಟು ಮೇಲಿದೆ.

ಪ್ರತಿ ಅರ್ಜಿಯ ಜೊತೆ ಸಿಬ್ಬಂದಿ ಬರೆದ ವರದಿ ಇರುತ್ತದೆ. ಎಲ್ಲ ವರದಿಗಳೂ ಅಣ್ಣತಮ್ಮಂದಿರು. ಹತ್ತು ವರ್ಷದ ಗುತ್ತಿಗೆ, ಹತ್ತು ಲಕ್ಷ ಡಾಲರಿಗೆ ಕಡಿಮೆಯಿಲ್ಲದ ವಿಮೆ, ವಾರ್ಷಿಕ ಬಾಡಿಗೆ ಇಷ್ಟು. ಕೊನೆಗೆ ಷರಾ: ಈ ಜಾಗದಲ್ಲಿ, ಈ ಸಮಯದಲ್ಲಿ, ಈ ಗುತ್ತಿಗೆಯ ಅವಧಿಯಲ್ಲಿ, ಈ ಪಿಯರ್ ಸಾರ್ವಜನಿಕರ ಹಕ್ಕಿಗೆ ಹೇಳಿಕೊಳ್ಳುವಂಥ ಅಡ್ಡಿ ಮಾಡುವುದಿಲ್ಲ, ಆದ್ದರಿಂದ ಗುತ್ತಿಗೆ ರಾಜ್ಯದ ಹಿತಕ್ಕೆ ಒಳ್ಳೆಯದು. ಅಡ್ಡಿ ಯಾಕಿಲ್ಲ ಎಂಬುದಕ್ಕೂ ವಿವರಣೆ ಇದೆ. ಪಿಯರ್ ಬಿಡಿಬಿಡಿ ಕಂಬಗಳ ಮೇಲೆ ನಿಂತಿದೆ. ಸಾರ್ವಜನಿಕರು ಅದರ ಪಕ್ಕದಲ್ಲಿ ದೋಣಿ ನಡೆಸಬಹುದು, ನಡೆದು ಹೋಗಬಹುದು, ನೀರು ಇಳಿದ ಕಾಲದಲ್ಲಿ ಅದರ ಕೆಳಗೆ ಹಾದು ಹೋಗಬಹುದು.

ಕೆಳಗೆ ಹಾದು ಹೋಗುವುದೆಂದರೆ ಹೇಗಿರುತ್ತದೆ ನೋಡಿ. ಮೊಣಕಾಲುದ್ದ ನೀರು. ಆ ನೀರು ಹಿಮ ಕರಗಿ ಬಂದದ್ದು, ಬೇಸಿಗೆಯಲ್ಲೂ ಕಾಲು ಮರಗಟ್ಟುತ್ತದೆ. ವಸಂತದಲ್ಲಿ ದಡದ ಕಲ್ಲುಗಳಿಗೆಲ್ಲ ಹಸಿರು ಪಾಚಿ ಕಟ್ಟಿರುತ್ತದೆ, ಹೆಬ್ಬೆರಳು ಊರಿ ಹೆಜ್ಜೆ ಇಡಬೇಕು. ಎಡಗೈಯಲ್ಲಿ ಚಪ್ಪಲಿ, ಬಲಗೈ ಪಿಯರ್‌ನ ಉಕ್ಕಿನ ಕಂಬದ ಮೇಲೆ. ನೆತ್ತಿಯ ಮೇಲೆ ಹಲಗೆಗಳ ಸಂದಿಯಿಂದ ಬಿಸಿಲು ಗೀರುಗೀರಾಗಿ ಬೀಳುತ್ತದೆ, ಅದೇ ಸಂದಿಯಿಂದ ಮೇಲೆ ಕುಳಿತವರ ನಗೆ, ಗ್ಲಾಸಿನೊಳಗೆ ಐಸು ಕುಲುಕುವ ಸದ್ದು. ದಡದ ಕಡೆ ‘ಖಾಸಗಿ ಆಸ್ತಿ, ಪ್ರವೇಶವಿಲ್ಲ’ ಎಂಬ ಫಲಕ. ಬೆನ್ನು ಬಗ್ಗಿಸಿ ಕೆಳಗೆ ನುಸುಳುತ್ತಿರುವವನು ಮಾಲೀಕ, ಮೇಲೆ ಕಾಲು ಚಾಚಿ ಕುಳಿತವನು ಬಾಡಿಗೆದಾರ. ದಯವಿಟ್ಟು ಅದಲುಬದಲು ಮಾಡಿಕೊಳ್ಳಬೇಡಿ. ಹಳೆಯ ಕೆಲವು ಪಿಯರ್‌ಗಳು ಮರದ ಪಂಜರದೊಳಗೆ ಕಲ್ಲು ತುಂಬಿ ಕಟ್ಟಿದವು, ಅವುಗಳ ಕೆಳಗೆ ಇಲಿಯೂ ನುಗ್ಗಲಾರದು. ಅಲ್ಲಿ ಮಾಲೀಕರು ಸುತ್ತಿಕೊಂಡು ಹೋಗಬೇಕು. ಈಜು ಬರುವ ಮಾಲೀಕರಾದರೆ ಇನ್ನೂ ಅನುಕೂಲ.

ಪರಿಸರದ ಕಾಳಜಿ ಇಲ್ಲವೇ ಎಂದರೆ, ಅದರಲ್ಲಿ ಕ್ಯಾಲಿಫೋರ್ನಿಯಾವನ್ನು ಮೀರಿಸುವವರಿಲ್ಲ. ಏನು ಕಟ್ಟುವುದಕ್ಕೂ ಪರಿಸರ ಪರಿಣಾಮದ ಪರಿಶೀಲನೆ ಆಗಬೇಕೆಂಬ ಕಠಿಣ ಕಾನೂನು ಅಲ್ಲಿದೆ. ‘ಈಗಾಗಲೇ ಇರುವ ರಚನೆ’ಗಳಿಗೆ ಅದರಿಂದ ವಿನಾಯಿತಿ ಇದೆ. ಇರುವ ಪಿಯರ್ ಈಗಾಗಲೇ ಇದೆ. ಇರುವುದರಿಂದ ಹೊಸದಾಗಿ ಏನೂ ಆಗುವುದಿಲ್ಲ. ಈ ತರ್ಕ ಎಲ್ಲೋ ಕೇಳಿದಂತಿದೆಯಲ್ಲ ಎಂದು ನಿಮಗನಿಸಿದರೆ ನೀವು ಅಪ್ಪಟ ಕರ್ನಾಟಕದವರು. ಬಗರ್ ಹುಕುಂ ಸಮಿತಿಯ ಮುಂದೆ ಫಾರಂ ಐವತ್ಮೂರು ಹಿಡಿದು ನಿಂತವರಿಗೆ, ಅಕ್ರಮ-ಸಕ್ರಮದ ಗಡುವು ಮುಂದೆ ಹೋಗುವುದನ್ನೇ ಹಬ್ಬದ ಹಾಗೆ ಕಾದವರಿಗೆ ಟಾಹೋದ ಬೋಯ್‌ಗಳ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲೂ ಎಷ್ಟೋ ಬೋಯ್‌ಗಳು ಯಾರ ಅಪ್ಪಣೆಯೂ ಇಲ್ಲದೆ ತೇಲುತ್ತಿದ್ದವು. ತೇಲಿ ತೇಲಿ ಹಿರಿತನ ಪಡೆದವು. ಹಿರಿಯರಾದ ಮೇಲೆ ಅವರಿಗೊಂದು ನಂಬರು, ಒಂದು ಚೀಟಿ, ಒಂದು ಸ್ಥಾನಮಾನ ಕೊಡುವುದು ಯಾವ ಸಮಾಜಕ್ಕೂ ಶೋಭೆ. ವ್ಯತ್ಯಾಸ ಒಂದೇ. ನಮ್ಮಲ್ಲಿ ಬಗರ್ ಹುಕುಂ ಸಾಗುವಳಿ ಮಾಡಿದವನು ಎರಡೆಕರೆ ರಾಗಿ ಬೆಳೆದ. ಅಲ್ಲಿಯ ಸಾಗುವಳಿದಾರ ಸ್ಪೀಡ್‌ಬೋಟು ಬೆಳೆದ.

377 ಡಾಲರನ್ನು ಹೀಯಾಳಿಸುತ್ತಿರುವ ನನ್ನಂಥವರಿಗೆ ಹಿಂದಿನ ಕಥೆ ಗೊತ್ತಾಗಬೇಕು. ಬಹಳ ಕಾಲ ಬಾಡಿಗೆ ಎಂಬುದೇ ಇರಲಿಲ್ಲ. ದಡದಲ್ಲಿ ಒಂಟಿ ಕುಟುಂಬದ ಮನೆ ಇದ್ದು, ಅದರ ಯಜಮಾನ ತನ್ನ ವಿಹಾರಕ್ಕೆಂದು ಪಿಯರ್ ಕಟ್ಟಿಕೊಂಡಿದ್ದರೆ ರಾಜ್ಯ ಅವನಿಂದ ಚಿಕ್ಕಾಸೂ ಕೇಳಕೂಡದು ಎಂದು ಕಾನೂನೇ ಇತ್ತು. ಹಲವು ಕುಟುಂಬಗಳು ಸೇರಿ ಸಂಘ ಮಾಡಿಕೊಂಡು ಪಿಯರ್ ಇಟ್ಟರೆ ಬಾಡಿಗೆ, ಒಬ್ಬನೇ ಬಂಗಲೆ ಕಟ್ಟಿಕೊಂಡು ಇಟ್ಟರೆ ಮಾಫಿ. ಹಂಚಿಕೊಂಡು ಬಾಳುವ ದುಷ್ಟ ಪ್ರವೃತ್ತಿಯನ್ನು ಚಿವುಟಿಹಾಕಲು ಇದಕ್ಕಿಂತ ಒಳ್ಳೆಯ ಉಪಾಯ ಉಂಟೇ? 2011ರ ಆಗಸ್ಟಿನಲ್ಲಿ ರಾಜ್ಯದ ಲೆಕ್ಕಪರಿಶೋಧಕರು ಕಮಿಷನ್ನಿನ ಮೇಲೊಂದು ವರದಿ ಕೊಟ್ಟರು. ಸಾರ್ವಜನಿಕ ಜಮೀನನ್ನು ಸರಿಯಾಗಿ ನಿರ್ವಹಿಸದೆ ಬೊಕ್ಕಸಕ್ಕೆ ದಶಲಕ್ಷಗಟ್ಟಲೆ ಡಾಲರ್ ಖೋತಾ ಆಗಿದೆ ಎಂಬುದು ಅದರ ಶೀರ್ಷಿಕೆಯಲ್ಲೇ ಇತ್ತು. ಅವಧಿ ಮುಗಿದರೂ ಮುಂದುವರಿದ ಗುತ್ತಿಗೆಗಳು, ಪರಿಷ್ಕರಣೆಯೇ ಆಗದ ಬಾಡಿಗೆಗಳು ಎಲ್ಲ ಒಳಗಿದ್ದವು. ಅದೇ ವರ್ಷ ಶಾಸನಸಭೆ ಮಾಫಿಯನ್ನು ತೆಗೆಯಿತು, 2012ರಿಂದ ಬಾಡಿಗೆ ಜಾರಿಗೆ ಬಂತು. ಆದರೆ ಹಳೆಯ ಗುತ್ತಿಗೆ ಇದ್ದವರಿಗೆ ಅವಧಿ ಮುಗಿಯುವವರೆಗೆ ಹಳೆಯ ಧರ್ಮವೇ ನಡೆಯಲಿ ಎಂದಿತು. ಇಷ್ಟು ವರ್ಷ ಪುಕ್ಕಟೆ ಇದ್ದವನನ್ನು ಏಕಾಏಕಿ ದಿನಕ್ಕೊಂದು ಡಾಲರಿನ ಹೊರೆಗೆ ತಳ್ಳುವುದು ಅಮಾನವೀಯವಲ್ಲವೇ.

ಇನ್ನು ಹೊಸ ಪಿಯರ್‌ಗಳು. ಎರಡೂ ರಾಜ್ಯಗಳು ಸೇರಿ 1969ರಲ್ಲಿ ಕಟ್ಟಿಕೊಂಡ ಟಾಹೋ ಪ್ರಾದೇಶಿಕ ಯೋಜನಾ ಸಂಸ್ಥೆ ದಶಕಗಟ್ಟಲೆ ವ್ಯಾಜ್ಯ, ವಾಗ್ವಾದ, ಕೋರ್ಟು ಕಚೇರಿ ಎಲ್ಲ ಮುಗಿಸಿ 2018ರಲ್ಲಿ ದಡದ ಯೋಜನೆಯೊಂದನ್ನು ಅಂಗೀಕರಿಸಿತು. ಮುಂದಿನ ವರ್ಷಗಳಲ್ಲಿ ಹಂತ ಹಂತವಾಗಿ 138 ಹೊಸ ಪಿಯರ್‌ಗಳಿಗೆ ಅವಕಾಶ. ಅದರಲ್ಲಿ ಖಾಸಗಿಯವರಿಗೆ 128, ಸಾರ್ವಜನಿಕರಿಗೆ 10. ಇದನ್ನು ಎಲ್ಲರೂ ಸಮತೋಲನದ ಯೋಜನೆ ಎಂದು ಕೊಂಡಾಡಿದರು. ತಕ್ಕಡಿಯ ಒಂದು ತಟ್ಟೆಯಲ್ಲಿ ಕೆಲವು ನೂರು ಮನೆಗಳು, ಇನ್ನೊಂದರಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಬಂದು ಹೋಗುವ ಜನ. 128 ಒಂದು ಕಡೆ, 10 ಇನ್ನೊಂದು ಕಡೆ. ಮುಳ್ಳು ಒಂದಿಷ್ಟೂ ಅಲುಗಲಿಲ್ಲವಂತೆ! ಅರ್ಜಿದಾರರು ಹೆಚ್ಚಾದರೆ ಒಂಟಿ ಮನೆಯ ಪಿಯರ್‌ಗಳಿಗೆ ಲಾಟರಿ ಎತ್ತುತ್ತಾರೆ. ಆಶ್ರಯ ಮನೆಗೆ, ಸೈಟಿಗೆ, ಕಾನ್ವೆಂಟಿನ ಸೀಟಿಗೆ ಲಾಟರಿ ಎತ್ತಿ ಗೊತ್ತಿದ್ದ ನಮಗೆ, ದೋಣಿಕಟ್ಟೆಗೂ ಚೀಟಿ ಎತ್ತುವ ಬಡತನ ಜಗತ್ತಿನಲ್ಲಿದೆ ಎಂದು ತಿಳಿದು ಕರುಳು ಚುರುಕ್ಕೆನ್ನುತ್ತದೆ.

ಸರೋವರದ ನೆವಾಡಾ ಮಗ್ಗುಲಿಗೆ ಹೋದರೆ ಆ ಐದೂಮುಕ್ಕಾಲು ಅಡಿಯೂ ಇಲ್ಲ. ಅಲ್ಲಿ 6,223ರ ಗೆರೆಯೇ ಗಡಿ, ಮೇಲೆ ಒಡೆಯರು, ಕೆಳಗೆ ಪ್ರಜೆಗಳು. ಅದೇ ಮರಳು, ಅದೇ ಪೈನ್ ಮರ, ಅದೇ ನೀಲಿ. ಕಣ್ಣಿಗೆ ಕಾಣದ ರಾಜ್ಯದ ಗಡಿ ದಾಟಿ ಒಂದು ಹೆಜ್ಜೆ ಇಟ್ಟ ಕೂಡಲೇ ಮಾಲೀಕ ಅತಿಕ್ರಮಿಯಾಗುತ್ತಾನೆ. ಮೀನುಗಳಿಗೆ ಈ ಭೇದ ತಿಳಿಯದು ಎನ್ನುವುದೊಂದೇ ಸಮಾಧಾನ.

ಪ್ರಕೃತಿ ಮಾತ್ರ ಆಗಾಗ ಜನಪರ ನಿಲುವು ತಾಳುತ್ತದೆ. ಟಾಹೋ ಸಿಟಿಯಲ್ಲಿ ಸರೋವರದ ಬಾಯಿಗೊಂದು ಪುಟ್ಟ ಅಣೆಕಟ್ಟು ಇದೆ. ಸಹಜ ಅಂಚಾದ 6,223ರಿಂದ ಮೇಲಿನ 6.1 ಅಡಿ ನೀರನ್ನು ಅದರ ಗೇಟುಗಳು ಹಿಡಿಯುತ್ತವೆ, ಬಿಡುತ್ತವೆ. ಬರಗಾಲ ಬಂದಾಗ ನೀರು ಸಹಜ ಅಂಚಿಗಿಂತಲೂ ಕೆಳಗೆ ಇಳಿಯುತ್ತದೆ. 2021ರ ಅಕ್ಟೋಬರಿನಲ್ಲಿ ಹಾಗಾಯಿತು. ಟ್ರಕೀ ನದಿಗೆ ಹೋಗುವ ನೀರು ನಿಂತಿತು. ಕೋಟಿಗಟ್ಟಲೆಯ ಬಂಗಲೆಗಳ ಪಿಯರ್‌ಗಳು ಒಣ ಮರಳಿನ ಮೇಲೆ, ರೈಲಿಲ್ಲದ ರೈಲ್ವೆ ಪ್ಲಾಟ್‌ಫಾರಂಗಳಂತೆ ಚಾಚಿಕೊಂಡು ನಿಂತವು. ಜನರ ಸ್ವಂತ ನೆಲ ಧಾರಾಳವಾಗಿ ಬಯಲಾಯಿತು. ನೀರಿದ್ದಾಗ ದಡವಿಲ್ಲ, ದಡ ಸಿಕ್ಕಾಗ ನೀರಿಲ್ಲ. ಸಾರ್ವಜನಿಕ ಹಕ್ಕೆಂಬುದು ಇಷ್ಟು ನಿಖರವಾಗಿ ಬೇರೆಲ್ಲೂ ಜಾರಿಯಾದದ್ದು ನನಗೆ ತಿಳಿಯದು. ಗುತ್ತಿಗೆದಾರರ ಬಾಡಿಗೆ ಲೆಕ್ಕ ಮಾತ್ರ ಹಾಗೇ ನಡೆಯಿತು. ನೀರಿಲ್ಲದ ನೀರಿಗೆ ಬಾಡಿಗೆ ಕೊಟ್ಟ ಅವರ ತ್ಯಾಗವನ್ನೂ ಮರೆಯಬಾರದು.

ಇಲ್ಲಿಯ ಮೂಲನಿವಾಸಿಗಳಾದ ವಾಶೋ ಜನರ ವಿಷಯ ಹೇಳದಿದ್ದರೆ ಲೆಕ್ಕ ಮುಗಿಯದು. ಟಾಹೋ ಎಂಬ ಹೆಸರು ಬಂದದ್ದೇ ಅವರ ಮಾತಿನಿಂದ. ಸಾವಿರಾರು ವರ್ಷ ಬೇಸಿಗೆಯಲ್ಲಿ ಈ ದಡಕ್ಕೆ ಬಂದು ಮೀನು ಹಿಡಿದವರು. ಗುತ್ತಿಗೆ ಪತ್ರ ಮಾಡಿಸಿಕೊಂಡಿರಲಿಲ್ಲ, ವಿಮೆಯೂ ಇರಲಿಲ್ಲ, ಹಾಗಾಗಿ ಹೋದರು. 1997ರಲ್ಲಿ ಅಧ್ಯಕ್ಷ ಕ್ಲಿಂಟನ್ ಬಂದು ಸರೋವರವನ್ನು ಉಳಿಸುವ ಶೃಂಗಸಭೆ ನಡೆಸಿದರು. ಆಮೇಲೆ ವಾಶೋಗಳಿಗೆ ದಡದ ಮೀಕ್ಸ್ ಬೇಯಲ್ಲಿ ಅರಣ್ಯ ಇಲಾಖೆಯ ಜಾಗದಲ್ಲಿ ರೆಸಾರ್ಟು ನಡೆಸುವ ಪರ್ಮಿಟ್ಟು ಸಿಕ್ಕಿತು. ತಮ್ಮ ಅಜ್ಜಂದಿರ ದಡದಲ್ಲಿ ಅತಿಥಿಗಳಿಗೆ ರೂಮು ಕೊಡುವ ಪರವಾನಗಿ. ಅದಕ್ಕೂ ಅವಧಿ ಇದೆ, ಮುಗಿದ ಮೇಲೆ ನವೀಕರಿಸಿಕೊಳ್ಳಬೇಕು.

ಇದೆಲ್ಲ ಅಮೆರಿಕದ ತಕರಾರು, ನಮಗೇನು ಎನ್ನುವ ಹಾಗಿಲ್ಲ. ಟಾಹೋದಲ್ಲಿ ಜನರ ಹಕ್ಕನ್ನು ಉಳಿಸಿದ, ಸಾರ್ವಜನಿಕ ನ್ಯಾಸವೆಂಬ ತತ್ವ ವೀಸಾ ಇಲ್ಲದೆ ನಮ್ಮ ದೇಶಕ್ಕೂ ಬಂದಿದೆ. 1869ರಲ್ಲಿ ಇಲಿನಾಯ್ ಶಾಸನಸಭೆ ಶಿಕಾಗೋ ಮುಂದಿನ ಮಿಶಿಗನ್ ಸರೋವರದ ಸಾವಿರಕ್ಕೂ ಹೆಚ್ಚು ಎಕರೆ ತಳವನ್ನು ಒಂದು ರೈಲ್ವೆ ಕಂಪನಿಗೆ ಧಾರೆ ಎರೆದಿತ್ತು. ನಾಲ್ಕು ವರ್ಷಕ್ಕೆ ಎಚ್ಚರಗೊಂಡು ಹಿಂತೆಗೆದುಕೊಂಡಿತು. 1892ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಇಂಥ ಆಸ್ತಿಯನ್ನು ಸರ್ಕಾರ ಹೀಗೆ ಕೈಬಿಡುವಂತಿಲ್ಲ, ಅದು ಜನರ ಪರವಾಗಿ ಇಟ್ಟುಕೊಂಡದ್ದು ಎಂದಿತು. ಇದೇ ತೀರ್ಪನ್ನು ನೂರು ವರ್ಷದ ಮೇಲೆ ನಮ್ಮ ಸುಪ್ರೀಂ ಕೋರ್ಟು ತೆಗೆದು ಓದಿತು. ಎಂ.ಸಿ. ಮೆಹ್ತಾ ವಿರುದ್ಧ ಕಮಲ್ ನಾಥ್ ಮೊಕದ್ದಮೆ, ತೀರ್ಪು 1996ರ ಡಿಸೆಂಬರ್. ಕುಲ್ಲು-ಮನಾಲಿಯಲ್ಲಿ ಬಿಯಾಸ್ ನದಿಯ ದಂಡೆಯ ಅರಣ್ಯ ಜಮೀನು ಒಂದು ಹೋಟೆಲಿಗೆ ಗುತ್ತಿಗೆ ಹೋಗಿತ್ತು. ಪ್ರವಾಹ ಬಂದು ತೊಂದರೆ ಕೊಡುತ್ತಿದೆಯೆಂದು ಹೋಟೆಲಿನವರು ಬುಲ್ಡೋಜರ್ ತಂದು ನದಿಯ ದಾರಿಯನ್ನೇ ತಿರುಗಿಸಲು ಹೊರಟಿದ್ದರು. ಟಾಹೋದವನು ನೀರಿಗೆ ಬಾಡಿಗೆ ಕೊಟ್ಟು ಸುಮ್ಮನಿರುತ್ತಾನೆ. ನಮ್ಮವನು ನೀರಿಗೇ ನೋಟಿಸು ಕೊಡುತ್ತಾನೆ. ಕೋರ್ಟು ಗುತ್ತಿಗೆಯನ್ನು ರದ್ದು ಮಾಡಿ, ನದಿ, ದಂಡೆ, ಕಾಡುಗಳೆಲ್ಲ ಜನರ ನ್ಯಾಸ ಎಂದು ಸಾರಿತು.

ಆ ತೀರ್ಪಿನ ಶಾಯಿ ಒಣಗಿ ಹತ್ತು ವರ್ಷವಾಗುವುದರೊಳಗೆ ಬೆಂಗಳೂರು ಅದನ್ನು ತನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡಿತು. ಕೆರೆಗಳ ಉದ್ಧಾರಕ್ಕೆಂದು 2002ರಲ್ಲಿ ಹುಟ್ಟಿದ ಕೆರೆ ಅಭಿವೃದ್ಧಿ ಪ್ರಾಧಿಕಾರ ಹೆಬ್ಬಾಳ, ನಾಗವಾರ, ವೆಂಗಯ್ಯನಕೆರೆಗಳನ್ನು 15 ವರ್ಷದ ಗುತ್ತಿಗೆಗೆ ಖಾಸಗಿಯವರಿಗೆ ಕೊಟ್ಟಿತು. ನಾಗವಾರ ಕೆರೆಯ ಬಾಯಿಗೆ ಟಿಕೆಟ್ ಕೌಂಟರು ಬಂತು, ದೋಣಿವಿಹಾರ ಬಂತು, ಕೆರೆಯ ಪಕ್ಕದಲ್ಲೇ ಕೃತಕ ಅಲೆಗಳ ಕೊಳವೂ ಬಂತು. ದನಕ್ಕೆ ನೀರು ಕುಡಿಸುತ್ತಿದ್ದವರು, ಬಟ್ಟೆ ಒಗೆಯುತ್ತಿದ್ದವರು, ಬಲೆ ಬೀಸುತ್ತಿದ್ದವರು ಟಿಕೆಟ್ ಕೊಂಡರೆ ಒಳಗೆ ಬರಬಹುದಿತ್ತು, ದನಕ್ಕೆ ಅರ್ಧ ಟಿಕೆಟ್ಟೋ ಪೂರ್ತಿಯೋ ಎಂದು ಯಾರೂ ಸ್ಪಷ್ಟಪಡಿಸಲಿಲ್ಲ. 2008ರಲ್ಲಿ ಪರಿಸರವಾದಿಗಳು ಹೈಕೋರ್ಟಿಗೆ ಹೋದರು, 2012ರಲ್ಲಿ ಆದೇಶ ಬಂತು, ಹೊಸದಾಗಿ ಕೆರೆ ಕೊಡುವುದು ನಿಂತಿತು. ಈ ನಾಡಿನ ಹಳೆಯ ಶಾಸನಗಳಲ್ಲಿ ಕಟ್ಟುಕೊಡಗೆ ಎಂಬುದೊಂದು ಕಾಣಸಿಗುತ್ತದೆ: ಕೆರೆ ಕಟ್ಟಿದವನಿಗೆ, ಕಾಪಾಡಿದವನಿಗೆ ರಾಜ ಕೊಡುತ್ತಿದ್ದ ಗದ್ದೆ. ಕೆರೆ ಕಟ್ಟಿದವನಿಗೆ ಜಮೀನು ಎಂಬುದು ಅಂದಿನ ಕ್ರಮ. ಜಮೀನಿದ್ದವನಿಗೆ ಕೆರೆ ಎಂದು ನಾವು ಸುಧಾರಿಸಿದೆವು.

ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ನಮ್ಮ ಕನ್ನಡಿಗ ಟೆಕ್ಕಿಗಳು ಲಾಂಗ್ ವೀಕೆಂಡ್ ಬಂತೆಂದರೆ ಪುಳಿಯೋಗರೆ ಡಬ್ಬ ಕಟ್ಟಿಕೊಂಡು ಟಾಹೋಗೆ ಹೊರಡುತ್ತಾರೆ. ಸಾರ್ವಜನಿಕ ಬೀಚಿನ ಪಾರ್ಕಿಂಗು ಬೆಳಗ್ಗೆಯೇ ತುಂಬಿರುತ್ತದೆ, ರಸ್ತೆಯುದ್ದಕ್ಕೂ ಮನೆಗಳು, ಮನೆಗಳ ಸಂದಿಯಲ್ಲಿ ನೀಲಿ ಒಂದು ಚೂರು. ಸುತ್ತಿ ಸುತ್ತಿ ಕೊನೆಗೆ ಕಾರಿನಲ್ಲೇ ಡಬ್ಬ ಬಿಚ್ಚುತ್ತಾರೆ. ಇವರಲ್ಲಿ ಎಷ್ಟೋ ಮಂದಿ ಬೆಂಗಳೂರಿನಲ್ಲಿ ‘ಲೇಕ್ ವ್ಯೂ’ ಎಂಬ ಹೆಸರಿನ ಅಪಾರ್ಟ್‌ಮೆಂಟು ಬುಕ್ ಮಾಡಿದವರು. ಆ ಕೆರೆಯ ಬಫರ್ ಝೋನ್ ಎಲ್ಲಿ ಹೋಯಿತೆಂದು ಬಿಲ್ಡರನನ್ನು ಕೇಳಿದವರಲ್ಲ. ಹೊಳೆಯ ನೀರಿಗೆ ದೊಣೆನಾಯಕನ ಅಪ್ಪಣೆ ಯಾಕೆ ಎಂಬ ಗಾದೆಯನ್ನು ಶಾಲೆಯಲ್ಲಿ ಓದಿದವರೇ ಎಲ್ಲರೂ. ಈಗ ದೊಣೆನಾಯಕನ ಅಪ್ಪಣೆ ಆನ್‌ಲೈನಿನಲ್ಲಿ ಸಿಗುತ್ತದೆ, ಅಷ್ಟೇ.

ಆದರೂ ಕ್ಯಾಲಿಫೋರ್ನಿಯಾದವರಿಗೆ ಒಂದು ಮಾತಿನ ಮರ್ಯಾದೆ ಸಲ್ಲಬೇಕು. ಯಾವ ಮನೆಯ ಮುಂದೆ ಎಷ್ಟು ಬೋಯ್, ಬಾಡಿಗೆ ಎಷ್ಟು, ಅವಧಿ ಯಾವಾಗ ಮುಗಿಯುತ್ತದೆ ಎಲ್ಲವನ್ನೂ ಸಭೆಗೆ ಮೊದಲೇ ಪ್ರಕಟಿಸುತ್ತಾರೆ. ಯಾರು ಬೇಕಾದರೂ ಓದಿ, ಎದ್ದು ನಿಂತು ಆಕ್ಷೇಪಿಸಬಹುದು. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಹೆಂಗಸರು ಮೀನು ಒಣಗಿಸುತ್ತಿದ್ದ ಮರಳ ದಂಡೆ ಖಾಸಗಿ ಬಂದರು ಕಂಪನಿಗೆ ಗುತ್ತಿಗೆ ಹೋದದ್ದು ಊರಿನವರಿಗೆ ಸರಿಯಾಗಿ ಅರ್ಥವಾದದ್ದು ಯಂತ್ರಗಳು ಬಂದು ನಿಂತ ಮೇಲೆ. ಟಾಹೋದಲ್ಲಿ ಪಿಯರ್‌ನ ಕೆಳಗೆ ಬಗ್ಗಿ ಹೋಗುವ ಹಕ್ಕನ್ನಾದರೂ ಕಾಗದದ ಮೇಲೆ ಬರೆದಿಡುತ್ತಾರೆ. ಟೊಂಕದಲ್ಲಿ ಅಡ್ಡ ನಿಂತು ಕೇಳಿದ ಮೀನುಗಾರರ ಹೆಸರನ್ನೂ ಕಾಗದದ ಮೇಲೆ ಬರೆದಿಟ್ಟರು, ಪೊಲೀಸ್ ಠಾಣೆಯಲ್ಲಿ.